ಬಿಡಾಡಿಯೋ, ಬೀಡಾಡಿಯೋ?

ಕಾರವಾರದ ಭಾನುವಾರದ ಸಂತೆಗೆ ಹೋದಾಗಲೆಲ್ಲ ನಾನೊಂದು ಕಂದು ಹಸುವನ್ನು ನೋಡುತ್ತೇನೆ. ಅದರ ಎಡಗೊಂಬು ಅರ್ಧಕ್ಕೆ ಮುರಿದಿದೆ. ಸಂತೆಯ ಜನದ ನಡುವೆ ಯಾರಿಗೂ ತಾಗದ ಹಾಗೆ ನಡೆದು ಬರುತ್ತದೆ. ಅಂಕೋಲೆ ಕಡೆಯಿಂದ ಸೊಪ್ಪು ತಂದು ಮಾರುವ ಒಬ್ಬ ಹೆಂಗಸಿನ ಎದುರು ನಿಲ್ಲುತ್ತದೆ. ಬಾಯಿ ಹಾಕುವುದಿಲ್ಲ, ಕದಿಯುವುದಿಲ್ಲ. ಸುಮ್ನೆ ನಿಲ್ಲುತ್ತದೆ. ಆಕೆ ಬಸಳೆ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಾ ಸ್ವಲ್ಪ ಹೊತ್ತು ನೋಡಿಯೂ ನೋಡದ ಹಾಗಿರುತ್ತಾಳೆ. ಆಮೇಲೆ ಬಾಡಿದ ಹರಿವೆ ಸೊಪ್ಪಿನ ಒಂದು ಹಿಡಿ ಪಕ್ಕಕ್ಕೆ ಎಸೆದು, "ಹೋಗೇ ತಂಗಿ, ಬೆಳಗಿಂದ ಮೂರು ಸಲ ಆಯ್ತು" ಎನ್ನುತ್ತಾಳೆ. ಹಸು ಅದನ್ನು ತಿಂದು ಮುಂದಿನ ಅಂಗಡಿಗೆ ಹೋಗುತ್ತದೆ.

ಇಂಥ ಹಸುವಿಗೆ ಪೇಪರಿನವರು ಇಟ್ಟ ಹೆಸರು ಬೇರೆ. "ಬಿಡಾಡಿ ದನಗಳ ಹಾವಳಿ, ಸವಾರರ ಪರದಾಟ" ಅನ್ನುವ ಸಾಲು ನಮ್ಮ ಜಿಲ್ಲೆಯಲ್ಲಿ ಪೇಪರ್ ಓದುವ ಯಾರಿಗೂ ಹೊಸದಲ್ಲ. ಒಂದು ಪೇಪರಿನಲ್ಲಿ ಅದು 'ಬಿಡಾಡಿ', ಇನ್ನೊಂದರಲ್ಲಿ 'ಬೀಡಾಡಿ'. ಒಂದೇ ಪೇಪರಿನ ತಲೆಬರಹದಲ್ಲಿ ದೀರ್ಘವಿದ್ದು, ಒಳಗಿನ ಸುದ್ದಿಯಲ್ಲಿ ಇಲ್ಲದ್ದೂ ಉಂಟು. ಮೊದಮೊದಲು ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆ ಒಂದು ದೀರ್ಘದಲ್ಲಿ ಎರಡು ಬೇರೆ ಕತೆಗಳಿವೆ.

ನನಗೆ ಈ ಪದ ಪೇಪರಿಗಿಂತ ಮೊದಲು ಆಯಿಯ, ಅಂದರೆ ಅಮ್ಮನ, ಬಾಯಲ್ಲಿ ಸಿಕ್ಕಿತ್ತು. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಶಾಲೆ ಬಿಟ್ಟ ಮೇಲೆ ಹೊಳೆ, ಬೇಣ (ಹುಲ್ಲುಗಾವಲು), ಗೇರುಮರ ಎಲ್ಲ ಮುಗಿಸಿ ಕತ್ತಲಾದ ಮೇಲೆ ಮನೆ ಸೇರಿದರೆ ಅಂಗಳದಲ್ಲೇ ಸಿಗುತ್ತಿತ್ತು: "ಬೀಡಾಡಿ ದನದ ಹಾಂಗೆ ಎಲ್ಲಿ ತಿರಗಲೆ ಹೋಗಿದ್ಯೋ?" ಬೈಗುಳವೇ. ಆದರೆ ಅದರಲ್ಲಿ ಒಂದು ಉಪಮೆ ಇದೆ. ಆ ಉಪಮೆಯೊಳಗೆ ಏನಿದೆ ಅನ್ನುವುದೇ ಈ ಬರಹ.

ಮೊದಲು ಪದವನ್ನು ಬಿಡಿಸೋಣ. ಊರು + ಊರು = ಊರೂರು ಎಂದು ಶಾಲೆಯಲ್ಲಿ ಲೋಪಸಂಧಿ ಕಲಿತಿದ್ದೇವಲ್ಲ, ಅದೇ ಸೂತ್ರ ಇಲ್ಲಿ ಸಾಕು. ಬಿಡು + ಆಡಿ = ಬಿಡಾಡಿ. ಬೀಡು + ಆಡಿ = ಬೀಡಾಡಿ. ಮೊದಲನೆಯದನ್ನು ಓದಿದರೆ 'ಬಿಟ್ಟದ್ದರಿಂದ ಆಡಿಕೊಂಡಿರುವುದು', ಅಂದರೆ ಯಾರೋ ಬಿಟ್ಟುಬಿಟ್ಟ ಜೀವ. ಎರಡನೆಯದನ್ನು ಓದಿದರೆ 'ಬೀಡಿನಿಂದ ಬೀಡಿಗೆ ಆಡುವವನು', ಅಂದರೆ ಇವತ್ತು ಇಲ್ಲಿ ನಾಳೆ ಅಲ್ಲಿ ಬಿಡಾರ ಹೂಡುವವನು. ಮೊದಲನೆಯದರಲ್ಲಿ ಕಟ್ಟು ಕಳಚಿದೆ. ಎರಡನೆಯದರಲ್ಲಿ ಮನೆಯೇ ಜೊತೆಯಲ್ಲಿ ನಡೆಯುತ್ತಿದೆ.

ಆದರೆ ಎರಡೂ ಕೊನೆಗೆ ಒಂದೇ ಬೇರಿಗೆ ಹೋಗುತ್ತವೆ. ಕನ್ನಡದಲ್ಲಿ ಕ್ರಿಯಾಪದದ ಮೊದಲ ಸ್ವರ ಎಳೆದು ಹೆಸರು ಮಾಡಿಕೊಳ್ಳುವ ಹಳೇ ಉಪಾಯವೊಂದಿದೆ. ಕೆಡು ಅನ್ನುವುದು ಕೇಡು ಆಗುತ್ತದೆ. ಪಡು ಅನ್ನುವುದು ಪಾಡು ಆಗುತ್ತದೆ. ಹಾಗೆಯೇ ಬಿಡು ಬೀಡು ಆಯಿತು. ತಮಿಳರು ಇದೇ ದಾರಿಯಲ್ಲಿ ವಿಡು ಎಂಬ ಕ್ರಿಯೆಯಿಂದ ವೀಡು ಮಾಡಿಕೊಂಡರು. ಅವರಿಗೆ ವೀಡು ಅಂದರೆ ಮನೆ.

ಬಿಡುವುದರಿಂದ ಮನೆ ಹೇಗೆ ಬರುತ್ತದೆ? ಕೇಳಿದ ಕೂಡಲೇ ತಲೆಕೆಳಗಾದ ಹಾಗೆ ಅನಿಸುತ್ತದೆ. ಎತ್ತಿನ ಗಾಡಿ ಕಾಲದ ಕಣ್ಣಿನಿಂದ ನೋಡಿದರೆ ಸರಿಹೋಗುತ್ತದೆ. ದಿನವಿಡೀ ನಡೆದು, ಸಂಜೆ ನೀರಿರುವ ಒಂದು ಜಾಗ ಸಿಕ್ಕಿತು. ಎತ್ತು ಬಿಟ್ಟರು, ಗಾಡಿ ಬಿಟ್ಟರು, ಹೊರೆ ಇಳಿಸಿದರು. ಬಿಟ್ಟ ಜಾಗವೇ ಬೀಡು. ಇವತ್ತಿಗೂ ನಾವು 'ಬೀಡುಬಿಟ್ಟರು' ಅನ್ನುತ್ತೇವೆ. ಅದರಲ್ಲಿ ಹೆಸರೂ ಕ್ರಿಯೆಯೂ ಅಣ್ಣ ತಮ್ಮಂದಿರ ಹಾಗೆ ಒಟ್ಟಿಗೆ ಕೂತಿವೆ. ಬಿಡಾರ, ಮದುವೆ ದಿಬ್ಬಣ ಇಳಿಯುವ ಬಿಡದಿ, ಇವೂ ಅದೇ ಮನೆಯ ಮಕ್ಕಳು.

ಬೀಡು ಸಣ್ಣ ಪದವಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ರಾಜ ಎಲ್ಲಿಂದ ಆಳುತ್ತಿದ್ದಾನೆ ಎಂದು ಹೇಳುವ ಒಂದು ಸಿದ್ಧ ಸಾಲು ಬರುತ್ತದೆ: ಕಲ್ಯಾಣದ ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ. ನಮ್ಮ ಶಿರಸಿ ತಾಲೂಕಿನ ಬನವಾಸಿ ಆಗ 'ಬನವಾಸಿ ಪನ್ನಿರ್ಛಾಸಿರ' (ಬನವಾಸಿ ಹನ್ನೆರಡು ಸಾವಿರ) ಅನ್ನುವ ದೊಡ್ಡ ನಾಡಿನ ಕೇಂದ್ರ. ಈ ನಾಡಿನ ವೀರಗಲ್ಲು, ದಾನಶಾಸನಗಳ ಭಾಷೆಯೂ ಅದೇ ಅಚ್ಚಿನದು. ನೆಲೆ + ಬೀಡು = ನೆಲೆವೀಡು. ಅಂದರೆ ರಾಜ ನೆಲೆನಿಂತ ಬೀಡು. 'ನೆಲೆ' ಅಂತ ಸೇರಿಸಿ ಹೇಳಬೇಕಾಯಿತು ಅಂದರೆ, ನೆಲೆಯಿಲ್ಲದ ಬೀಡುಗಳೂ ಇದ್ದವು ಅಂತಲೇ ಅರ್ಥ ಅಲ್ವಾ? ರಾಜರೂ ದಂಡು ಕಟ್ಟಿಕೊಂಡು ತಿರುಗುತ್ತಿದ್ದರು. ಅವರ ಬಿಡಾರವನ್ನು ಕಲ್ಲಿನಲ್ಲಿ ಕೆತ್ತಿ ಹೊಗಳಿದರು. ಹೊಯ್ಸಳರ ದೋರಸಮುದ್ರ ಹಾಳಾದ ಮೇಲೆ ಅದಕ್ಕೆ ಹಳೇಬೀಡು ಅನ್ನುವ ಹೆಸರೇ ಗಟ್ಟಿಯಾಯಿತು. ಶಿಲ್ಪ ನೋಡಲು ಬಸ್ಸು ಮಾಡಿಕೊಂಡು ಹೋಗುವ ಹಳೇಬೀಡಿನಲ್ಲೂ, ಹಾರ್ನ್ ಹೊಡೆದು ಓಡಿಸುವ ಬೀಡಾಡಿ ದನದಲ್ಲೂ ಇರುವುದು ಒಂದೇ ಬೀಡು.

ಈಗಲೂ ಈ ಪದ ಆಳು ನೋಡಿ ಮಣೆ ಹಾಕುತ್ತದೆ. ಮುಂಡಗೋಡ, ಯಲ್ಲಾಪುರ ಕಡೆಯ ಗದ್ದೆಗೆ ಆನೆ ಬಂದರೆ "ಕಾಡಾನೆ ಹಿಂಡು ಬೀಡುಬಿಟ್ಟಿದೆ" ಎಂದು ಬರೆಯುತ್ತಾರೆ. ಗೋಕರ್ಣದ ಸಮುದ್ರದ ದಂಡೆಯಲ್ಲಿ ತಿಂಗಳುಗಟ್ಟಲೆ ಇರುವ ವಿದೇಶಿಯರೂ ಬೀಡುಬಿಟ್ಟವರೇ. ನಾಲ್ಕು ಹಸು ಹೆದ್ದಾರಿ 66ರಲ್ಲಿ ಕೂತರೆ ಮಾತ್ರ ಬೀಡಾಡಿ.

ಇನ್ನು ಪದದ ಬಾಲ, ಆಡಿ. ನನಗೆ ಇದರಲ್ಲೇ ಜಾಸ್ತಿ ಸ್ವಾರಸ್ಯ ಕಾಣುತ್ತದೆ.

ಓಡು ಅಂದರೆ ಓಡುವುದು. ಆದರೆ ಓಡಾಡು ಅಂದರೆ? ಅದರಲ್ಲಿ ಓಟವೇ ಇಲ್ಲ. ಸೊಂಟದ ಆಪರೇಷನ್ ಆದ ಅಜ್ಜ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೂ "ಈಗ ಪರವಾಗಿಲ್ಲ, ಮನೆಯೊಳಗೆ ಓಡಾಡ್ತಾರೆ" ಅನ್ನುತ್ತೇವೆ. ಹುಡುಕು ಅಂದರೆ ಸಿಗುವ ಆಸೆ ಇದೆ. ಹುಡುಕಾಡು ಅಂದರೆ ಕನ್ನಡಕ ತಲೆಯ ಮೇಲೇ ಇದೆ, ಗೊತ್ತಿಲ್ಲದೆ ಮನೆಯೆಲ್ಲ ಜಾಲಾಡುತ್ತಿದ್ದೇವೆ. ಆಡು ಸೇರಿತು ಅಂದರೆ ಕೆಲಸ ನೇರ ದಾರಿ ಬಿಟ್ಟು ಆಚೆಗೆ ಈಚೆಗೆ ತೂಗಲು ಶುರು ಮಾಡುತ್ತದೆ. ಅದರ ಮೂಲ ಅರ್ಥವೇ ಅಲುಗು, ತೂಗು. ಮೇ ತಿಂಗಳ ಕಾರವಾರದಲ್ಲಿ ಬೆವರು ಒರೆಸಿಕೊಳ್ಳುತ್ತಾ "ಒಂಚೂರೂ ಗಾಳಿ ಆಡ್ತಿಲ್ಲ" ಎನ್ನುತ್ತೇವಲ್ಲ, ಆ ಆಡು. ಉಸಿರಾಡು ಅನ್ನುವಲ್ಲಿರುವ ಆಡು. ಮಕ್ಕಳ ಆಟವೂ, ಬಯಲಾಟವೂ ಅಲ್ಲಿಂದಲೇ ಬಂದವು.

ತಿರುಗುವ ಬಗೆಗೆ ಕನ್ನಡದಲ್ಲಿರುವ ಬಹುತೇಕ ಪದಗಳಿಗೆ ಈ ಆಡು ಬೇಕೇ ಬೇಕು. ತಿರುಗಾಡು, ಸುತ್ತಾಡು, ಅಲೆದಾಡು, ಅಡ್ಡಾಡು. ಘಟ್ಟದ ಮೇಲೆ, ಅದರಲ್ಲೂ ಹುಬ್ಬಳ್ಳಿ ದಿಕ್ಕಿನವರಿಗೆ, ಅಡ್ಡಾಡಿ ಬರುವುದು ಅಂದರೆ ಊಟದ ನಂತರದ ವಾಕಿಂಗ್. ಅದರಲ್ಲಿ ಬೈಗುಳ ಇಲ್ಲ. ಅಡ್ಡಡ್ಡಲಾಗಿ ಆಡುವುದು, ಅಷ್ಟೇ. ಉಂಡಾಡಿ ಅಂದರೆ ಉಂಡು ಆಡುವವನು. ಉಣ್ಣುವುದು ತಪ್ಪಲ್ಲ, ಆಡುವುದೂ ತಪ್ಪಲ್ಲ. ಎರಡರ ನಡುವೆ ದುಡಿಮೆ ಇಲ್ಲ ಅನ್ನುವುದೇ ಅವನ ಮೇಲಿನ ದೂರು. ಪೇಪರಿನ ಆ ತಲೆಬರಹವನ್ನು ಇನ್ನೊಮ್ಮೆ ಓದಿ. ದನದ ಬಿಡಾಡಿತನದಲ್ಲಿ ಒಂದು ಆಡು, ಸವಾರರ ಪರದಾಟದಲ್ಲಿ ಇನ್ನೊಂದು. ಇಬ್ಬರೂ ಆಡುತ್ತಿದ್ದಾರೆ, ಒಬ್ಬರ ಕೈಯಲ್ಲಿ ಹ್ಯಾಂಡಲ್ ಇದೆ.

ಮೋಸ ಹೋಗುವ ಜಾಗಗಳೂ ಇವೆ. ಕಿಲಾಡಿ ಕೂಡ 'ಆಡಿ' ಎಂದೇ ಮುಗಿಯುತ್ತದೆ. ಆದರೆ ಅದು ಹಿಂದಿಯ ಖಿಲಾಡಿ, ಖೇಲ್ ಎಂಬ ಪದದ ಮಗ. ನಮ್ಮ ಆಡುವಿಗೆ ಸಂಬಂಧ ಇಲ್ಲ. ಗುಡ್ಡ ತಿರುಗುವ ಪ್ರಾಣಿ ಆಡು ಕೂಡ ಬೇರೆಯೇ. ಹಳೆಯ ತಮಿಳಿನಲ್ಲಿ ಆ ಪ್ರಾಣಿಗೆ ಯಾಡು ಅನ್ನುತ್ತಾರೆ. ಮೊದಲಿನ ಯಕಾರ ಬಿದ್ದುಹೋಗಿ ಎರಡು ಪದ ಒಂದೇ ರೂಪಕ್ಕೆ ಬಂದವು. 'ಅಂಡಲೆಯುವುದು' ಅನ್ನುವುದಕ್ಕೂ ಜನ ನಗುನಗುತ್ತಾ ಅಂಡು ಅಲೆಸುವುದು ಎಂದು ಅರ್ಥ ಹೇಳುತ್ತಾರೆ. ಹಳಗನ್ನಡದಲ್ಲಿ ಅಂಡಲೆ ಅಂದರೆ ಪೀಡಿಸು, ಕಾಟ ಕೊಡು. ಪೀಡೆಗೆ ಸಿಕ್ಕವನು ನಿಂತಲ್ಲಿ ನಿಲ್ಲಲಾರದೆ ತಿರುಗುತ್ತಾನೆ. ಅರ್ಥ ಹಾಗೆ ಜಾರಿರುವುದು ಸಹಜ. ನಗು ಬರುವ ವಿವರಣೆ ಬೇಗ ಹಬ್ಬುತ್ತದೆ, ಅದಕ್ಕೇನು ಮಾಡುವುದು.

ಪದದಿಂದ ದನಕ್ಕೆ ವಾಪಸ್ ಬರೋಣ. ಮಲೆನಾಡಿನ ಮನೆಗಳಲ್ಲಿ ದಿನಕ್ಕೆ ಎರಡು ಮಾತು ಖಾಯಂ. ಬೆಳಿಗ್ಗೆ "ದನ ಬಿಟ್ಟಾಯ್ತಾ?" ಸಂಜೆ "ದನ ಕಟ್ಟಾಯ್ತಾ?" ಹಗಲೆಲ್ಲ ಅವು ಬೇಣದಲ್ಲಿ, ಸೊಪ್ಪಿನ ಬೆಟ್ಟದಲ್ಲಿ, ರಸ್ತೆಯ ಅಂಚಿನಲ್ಲಿ ಮೇಯುತ್ತವೆ. ಮಲೆನಾಡು ಗಿಡ್ಡ ಅನ್ನುವ ನಮ್ಮ ಕಡೆಯ ಕುಳ್ಳ ತಳಿಗೆ ಕಾಯುವವರೂ ಬೇಡ. ಗುಡ್ಡ ಹತ್ತುತ್ತದೆ, ಸಿಕ್ಕಿದ್ದು ತಿನ್ನುತ್ತದೆ, ಹೊತ್ತು ಇಳಿಯುವಾಗ ದಣಪೆ, ಅಂದರೆ ಬೇಲಿಯ ಬಾಗಿಲಿನ, ಮುಂದೆ ಬಂದು ನಿಲ್ಲುತ್ತದೆ. ಹೀಗೆ ನಿತ್ಯವೂ ಬಿಡುವುದು ಸಾಕುವ ಕ್ರಮವೇ ಆಗಿತ್ತು. ಬಿಟ್ಟವರಿಗೆ ಕಟ್ಟುವ ಜವಾಬ್ದಾರಿಯೂ ಇತ್ತು.

ಕೆಡುವುದು ಎಲ್ಲಿ ಅಂದರೆ, ಬೆಳಿಗ್ಗೆಯ ಮಾತು ಉಳಿದು ಸಂಜೆಯ ಮಾತು ನಿಂತುಹೋದಾಗ. ಗದ್ದೆಗೆ ಟಿಲ್ಲರ್ ಬಂತು, ಹೋರಿಕರುವಿಗೆ ಕೆಲಸ ಇಲ್ಲ. ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದರು, ಕೊಟ್ಟಿಗೆ ಚೊಕ್ಕ ಮಾಡಲು ಜನ ಇಲ್ಲ. ಬತ್ತಿದ ಹಸುವಿಗೆ ಹಿಂಡಿ ಹಾಕುವುದು ದುಬಾರಿ. 2019ರ ಜಾನುವಾರು ಗಣತಿಯಲ್ಲಿ ದೇಶದ ಬಿಡಾಡಿ ದನಗಳ ಸಂಖ್ಯೆ 50 ಲಕ್ಷ ದಾಟಿತ್ತು. ಆ 50 ಲಕ್ಷದಲ್ಲಿ ತಾನಾಗಿ ಮನೆ ಬಿಟ್ಟು ಹೊರಟದ್ದು ಎಷ್ಟಿರಬಹುದು? ದನ ಊರು ಬಿಟ್ಟು ಓಡಿಹೋಗುವ ಪ್ರಾಣಿಯಲ್ಲ. ಬಿಡಾಡಿ ಅಂತ ದನವನ್ನು ಕರೆಯುತ್ತೇವೆ, ಸರಿ. ಆದರೆ ಪದದೊಳಗಿನ ಬಿಡು ಅನ್ನುವ ಕ್ರಿಯೆಗೆ ಕರ್ತೃ ದನ ಅಲ್ಲ. ಬಿಟ್ಟವನ ಹೆಸರು ಪದದೊಳಗೆ ಅಡಗಿ ಕೂತಿದೆ, ಬೈಗುಳ ಮಾತ್ರ ಬಿಡಿಸಿಕೊಂಡದ್ದಕ್ಕೆ ಬೀಳುತ್ತಿದೆ.

ದೇವರ ಹೆಸರಿನಲ್ಲಿ ಬಿಟ್ಟರೆ ಮಾತು ಬೇರೆ. ಹರಕೆಯ ಬಸವ, ಮಾರಿಗೆ ಬಿಟ್ಟ ಕೋಣ, ಇವು ಯಾರ ಗದ್ದೆಗೆ ನುಗ್ಗಿದರೂ ಯಾರೂ ಬಡಿಗೆ ಎತ್ತುವುದಿಲ್ಲ. ಅಲ್ಲೂ ಅದೇ ಬಿಡು. ಆದರೆ ಬಿಟ್ಟವರು ಯಾರು, ಯಾಕೆ ಬಿಟ್ಟರು ಅನ್ನುವುದು ಊರಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಅದು ಬಿಡಾಡಿ ಅಲ್ಲ.

ಕಾನೂನಿಗೆ ಇಂಥ ಸೂಕ್ಷ್ಮ ಬೇಕಿಲ್ಲ. ಬೇರೆಯವರ ಪೈರು ಮೇಯ್ದ ದನವನ್ನು ಹಿಡಿದು ಕೂಡಿಹಾಕಲು ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದರು. ಆ ವರ್ಷದ ಮೊದಲನೇ ನಂಬರಿನ ಕಾಯ್ದೆಯೇ ಅದು. ದನದ ದೊಡ್ಡಿ, ದೊಡ್ಡಿಗೊಬ್ಬ ನೋಡಿಕೊಳ್ಳುವವ, ದಂಡ, ಯಾರೂ ಬರದಿದ್ದರೆ ಹರಾಜು, ಎಲ್ಲವನ್ನೂ ಅದರಲ್ಲಿ ಬರೆದರು. ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ನಮ್ಮಲ್ಲಿ ದೊಡ್ಡಿ ಅನ್ನುವುದಕ್ಕಿಂತ ಮರಾಠಿಯ ಕೊಂಡವಾಡ ಅನ್ನುವ ಪದವೇ ಬಳಕೆಗೆ ಬಂತು. ಮರಾಠಿಯಲ್ಲಿ ಕೋಂಡಣೆ ಅಂದರೆ ಕೂಡಿಹಾಕುವುದು. "ಕೊಂಡವಾಡದಿಂದ ಎಮ್ಮೆ ಬಿಡಿಸ್ಕೊಂಡು ಬಾ" ಎಂದು ದುಡ್ಡು ಕೊಟ್ಟು ಕಳಿಸುವ ಕಾಲವಿತ್ತು. ನೋಡಿ, ಅಲ್ಲಿಂದ ಹೊರಗೆ ತರುವುದಕ್ಕೂ ಬಿಡಿಸುವುದು ಎಂದೇ ಹೇಳುತ್ತೇವೆ.

ಅದೇ 1871ರಲ್ಲಿ, ಅದೇ ಸರ್ಕಾರ, 27ನೇ ನಂಬರಿನ ಇನ್ನೊಂದು ಕಾಯ್ದೆ ತಂದಿತು. ಅದು ದನಕ್ಕಲ್ಲ, ಮನುಷ್ಯರಿಗೆ. ಅಪರಾಧಿ ಬುಡಕಟ್ಟುಗಳ ಕಾಯ್ದೆ. ಊರೂರು ತಿರುಗಿ ಉಪ್ಪು, ಧಾನ್ಯ ಮಾರುವವರು, ಆಟ ತೋರಿಸುವವರು, ದನ ಸಾಗಿಸುವವರು, ಇಂಥ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಪಟ್ಟಿ ಮಾಡಿದರು. ಠಾಣೆಯಲ್ಲಿ ಹೆಸರು ಬರೆಸಬೇಕು. ಕರೆದಾಗ ಹಾಜರಿ ಹಾಕಬೇಕು. ಊರಿನ ಗಡಿ ದಾಟಲು ಪಾಸು ಬೇಕು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಇದನ್ನು 1911ರಲ್ಲಿ ತಿದ್ದಿ ಉಳಿದ ಪ್ರಾಂತ್ಯಗಳಿಗೂ ಹಬ್ಬಿಸಿದರು. ಸ್ವಾತಂತ್ರ್ಯ ಬಂದು 5 ವರ್ಷದ ನಂತರ, 1952ರ ಆಗಸ್ಟ್ 31ರಂದು ಅದು ರದ್ದಾಯಿತು. ತೆರಿಗೆ ಕಟ್ಟಲು, ಲೆಕ್ಕ ಇಡಲು ಒಂದೇ ಕಡೆ ಕೂತ ಜನ ಬೇಕು. ತಿರುಗುವವರು ಲೆಕ್ಕಕ್ಕೆ ಸಿಗುವುದಿಲ್ಲ. ಒಂದೇ ವರ್ಷದಲ್ಲಿ ತಿರುಗುವ ದನಕ್ಕೆ ದೊಡ್ಡಿ, ತಿರುಗುವ ಜನಕ್ಕೆ ಪಾಸು. ಇದನ್ನು ಮೊದಲ ಸಲ ಒಟ್ಟಿಗೆ ಓದಿದ ದಿನ ನನಗೆ ಆಯಿಯ ಆ ಉಪಮೆ ಸ್ವಲ್ಪ ಬೇರೆ ಥರ ಕೇಳಿಸಿತು.

ಇವತ್ತು ಸರ್ಕಾರಿ ಕಾಗದದಲ್ಲಿ ಇಂಥ ಸಮುದಾಯಗಳಿಗೆ ಅಲೆಮಾರಿ, ಅರೆ ಅಲೆಮಾರಿ ಅನ್ನುತ್ತಾರೆ. ಅಲೆ ಅನ್ನುವುದು ಕರಾವಳಿಯವರಿಗೆ ಹೇಳಿಕೊಡಬೇಕಾದ ಪದವಲ್ಲ. ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತರೆ ಕಾಲಿಗೇ ಬಂದು ತಾಗುತ್ತದೆ. ಕನ್ನಡದಲ್ಲೂ ತಮಿಳಿನಲ್ಲೂ ನೀರಿನ ಅಲೆಗೂ ಅಲೆಯುವುದಕ್ಕೂ ಬೇರು ಒಂದೇ, ಅಲುಗುವುದು. ಅಲ್ಲಾಡು ಅದೇ. ಬಟ್ಟೆಯನ್ನು ನೀರಿನಲ್ಲಿ ಆಚೆ ಈಚೆ ಆಡಿಸಿ ಅಲುಬುವುದೂ ಅದೇ. ಅಲೆ ದಡಕ್ಕೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಮನುಷ್ಯ ಹಾಗೆ ಮಾಡಿದರೆ ಅರ್ಜಿ ತುಂಬಬೇಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಗೌಳಿಗರು ಎಮ್ಮೆಗಳ ಹಿಂದೆ ಮೇವು ಹುಡುಕುತ್ತಾ ಬಂದವರು. ಅವರದು ಗುರಿಯಿಲ್ಲದ ತಿರುಗಾಟ ಆಗಿರಲಿಲ್ಲ. ಗುರಿ ಎಮ್ಮೆಗೆ ಗೊತ್ತಿತ್ತು. ಮುಂಡಗೋಡದಲ್ಲೇ 1966ರಿಂದ ಟಿಬೆಟಿನವರಿದ್ದಾರೆ. ಕಾರವಾರ, ಅಂಕೋಲೆಯ ಕಡಲಂಚಿನಲ್ಲಿ ನೌಕಾನೆಲೆಗಾಗಿ ಊರು ಬಿಟ್ಟವರಿದ್ದಾರೆ. ಆ ಯೋಜನೆಯ ಹೆಸರಿನಿಂದ ಅವರನ್ನು ಇಡೀ ಜಿಲ್ಲೆ ಸೀಬರ್ಡ್ ನಿರಾಶ್ರಿತರು ಎಂದೇ ಕರೆಯುತ್ತದೆ. ಬೀಡು ಹೋದವರೇ, ಆದರೂ ಅವರಿಗೆ ಬೀಡಾಡಿ ಅನ್ನುವುದಿಲ್ಲ. ಯಾಕೆಂದರೆ ಬಿಡಿಸಿದವರು ಯಾರು ಎಂದು ಫೈಲಿನಲ್ಲಿದೆ.

ಹೆಂಗಸರ ವಿಷಯಕ್ಕೆ ಬಂದರೆ ಈ ಪದಗಳೆಲ್ಲ ಒಮ್ಮೆಗೇ ಮಸಿ ಬಳಿದುಕೊಳ್ಳುತ್ತವೆ. ಗಂಡುಹುಡುಗನಿಗೆ ಬೀಡಾಡಿ ಅಂದರೆ ಸಂಜೆ ಹೊತ್ತಿಗೆ ಮರೆತುಹೋಗುವ ಬೈಗುಳ. ಹೆಣ್ಣಿಗೆ ಅದೇ ಪದ ಅಂದರೆ ನಡತೆಯ ಮೇಲಿನ ಮಾತು. "ತಿರುಗಿ ಕೆಟ್ಟಳು ಹೆಣ್ಣು, ತಿರುಗದೆ ಕೆಟ್ಟ ಗಂಡು" ಅನ್ನುವ ಗಾದೆಯನ್ನು ನನ್ನ ಅಕ್ಕನಿಗೂ ನನಗೂ ಒಟ್ಟಿಗೆ ಕೂರಿಸಿ ಹೇಳಿದ್ದರು. ಅವಳಿಗೆ ಮೊದಲರ್ಧ, ನನಗೆ ಉಳಿದರ್ಧ. "ದೇಶ ಸುತ್ತು, ಕೋಶ ಓದು" ಅನ್ನುವುದು ಗೋಡೆಯ ಮೇಲೆ ಎಲ್ಲರಿಗೂ ಅಂತ ಬರೆದಿರುತ್ತದೆ. ಸುತ್ತಿ ಬಂದವಳನ್ನು ಕೇಳುವ ಪ್ರಶ್ನೆ ಬೇರೆ ಇರುತ್ತದೆ. ಬಿಡು ಅನ್ನುವ ಕ್ರಿಯೆಯ ಅತಿ ಕ್ರೂರ ಬಳಕೆ ಇರುವುದೂ ಇಲ್ಲೇ. ರಾಜ್ಯದ ಒಳನಾಡಿನ ಕೆಲವು ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಅರ್ಪಿಸುವುದಕ್ಕೆ 'ಬಸವಿ ಬಿಡುವುದು' ಎಂದೇ ಹೇಳುತ್ತಿದ್ದರು. ಬಸವನನ್ನು ಬಿಟ್ಟ ಹಾಗೆ. ದೇವದಾಸಿ ಅರ್ಪಣೆ ನಿಷೇಧದ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಬಿಟ್ಟವರು ಮನೆಯವರು, ಊರಿನವರು. ಬೈಗುಳವಾಗಿ ಉಳಿದದ್ದು ಅವಳಿಗಿಟ್ಟ ಹೆಸರು.

ತಿರುಗುವುದಕ್ಕೆ ಮರ್ಯಾದೆ ಕೊಟ್ಟ ಒಂದು ಪದವಾದರೂ ಕನ್ನಡದಲ್ಲಿ ಇಲ್ಲವೇ? ಇದೆ, ಅದೂ ನಮ್ಮ ಜಿಲ್ಲೆಯಲ್ಲೇ ದಿನಾ ಕೇಳುತ್ತದೆ. ಯಕ್ಷಗಾನ ಮೇಳಗಳು ದೀಪಾವಳಿ ಆಸುಪಾಸಿನಲ್ಲಿ ಹೊರಟು ಮಳೆಗಾಲದ ಬಾಗಿಲಿನವರೆಗೆ ಊರಿಂದೂರಿಗೆ ಹೋಗಿ ಆಟ ಆಡುತ್ತವೆ. ಆ ಇಡೀ ಋತುವಿಗೆ ತಿರುಗಾಟ ಎಂದೇ ಹೆಸರು. ಕಲಾವಿದರು ತಮ್ಮ ಅನುಭವವನ್ನು ವರ್ಷದಲ್ಲಿ ಹೇಳುವುದಿಲ್ಲ, "ಇದು ನನ್ನ 22ನೇ ತಿರುಗಾಟ" ಎನ್ನುತ್ತಾರೆ. ಹೊನ್ನಾವರ ತಾಲೂಕಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೆಸರು ಗೊತ್ತಿಲ್ಲದ ಮನೆ ನಮ್ಮಲ್ಲಿಲ್ಲ. ಮನೆಯಲ್ಲಿ ಹುಡುಗ ತಿರುಗಿದರೆ ಬೈಗುಳ. ಅದೇ ಹುಡುಗ ಗೆಜ್ಜೆ ಕಟ್ಟಿ ತಿರುಗಿದರೆ ಬಯೋಡೇಟಾ.

ತಿರುಗು ಅನ್ನುವುದರ ಹಿಂದೆ ತಿರಿ ಎಂಬ ಹಳೆಯ ಪದವಿದೆ. ಸುತ್ತು, ಅಲೆ ಎಂದು ಅದರ ಅರ್ಥ. ತಿರುಚು, ತಿರುವು, ತಿರುಗಣಿ ಎಲ್ಲ ಅದರ ಬಳಗ. ಮನೆಮನೆ ಸುತ್ತಿ ಬೇಡುವುದೂ ತಿರಿಯುವುದೇ ಆಯಿತು, ಹಾಗೆ ಬೇಡುವವನು ತಿರುಕನಾದ. ತಮಿಳು, ಮಲಯಾಳ, ತೆಲುಗು ಎಲ್ಲದರಲ್ಲೂ ಈ ಬೇರು ಜೀವಂತವಾಗಿದೆ. ಕನ್ನಡದಲ್ಲಿ ಅದಕ್ಕೆ ಇನ್ನೊಂದು ಗುಣ ಉಂಟು. 'ತಿರುಗಿ ಬಾ' ಅಂದರೆ ಸುತ್ತಿಕೊಂಡು ಬಾ ಅಂತಲೂ ಹೌದು, ವಾಪಸ್ ಬಾ ಅಂತಲೂ ಹೌದು. ತಿರುಗುವವನು ತಿರುಗಿ ಬರುತ್ತಾನೆ ಅನ್ನುವ ನಂಬಿಕೆ ವ್ಯಾಕರಣದಲ್ಲೇ ಇದೆ.

ಕಾರವಾರದಲ್ಲಿ ನಮ್ಮ ಮನೆ ಮಾಲೀಕರು ಕೊಂಕಣಿಯವರು. ಅವರಿಗೆ ತಿರುಗುವುದು ಅಂದರೆ ಭೊಂವ್ಚೆ, ತಿರುಗಾಟ ಅಂದರೆ ಭೊಂವ್ಡಿ. ಮೊದಲ ಸಲ ಕೇಳಿದಾಗ ಯಾವ ಭಾಷೆಯಿಂದ ಉದುರಿತು ಅಂದುಕೊಂಡೆ. ಸಂಸ್ಕೃತದ ಭ್ರಮ್ ಅದು. ಗ್ರಾಮ ಅನ್ನುವುದು ಗಾಂವ್ ಆದ ಹಾಗೆ, ನಾಮ ನಾಂವ್ ಆದ ಹಾಗೆ, ಭ್ರಮ್‌ನ ಮಕಾರ ಕರಗಿ ಮೂಗಿನ ವಕಾರವಾಯಿತು. ಕನ್ನಡಕ್ಕೆ ಅದೇ ಧಾತು ಭ್ರಮೆಯಾಗಿ ಬಂತು, ತಲೆಯೊಳಗಿನ ತಿರುಗಾಟ. ಜೇನಿನ ಸುತ್ತ ಸುತ್ತುವ ಭ್ರಮರವೂ ಅಲ್ಲಿಂದಲೇ. ಜಂಗಮ ಅನ್ನುವುದೂ ಚಲಿಸುವುದು ಅನ್ನುವ ಅರ್ಥದ ಸಂಸ್ಕೃತ ಪದ. ಮೊಬೈಲಿಗೆ ಯಾರೋ ಜಂಗಮವಾಣಿ ಎಂದು ಹೆಸರಿಟ್ಟರು. ಅರ್ಥ ಸರಿಯಾಗಿದೆ, ಬಾಯಿಗೆ ಮಾತ್ರ ಬರಲಿಲ್ಲ. ಬೈಗುಳಗಳ ಸಾಲಿನಲ್ಲಿ ಬಿಡಾಡಿಯ ಪಕ್ಕವೇ ಕೂರುವ ಬೇವಾರ್ಸಿ ಕೂಡ ಕಚೇರಿಯಿಂದ ಬಂದದ್ದು. ಬೇ ಅಂದರೆ ಇಲ್ಲದ, ವಾರಸು ಅಂದರೆ ಹಕ್ಕುದಾರ. ಹಕ್ಕುದಾರರಿಲ್ಲದ ಆಸ್ತಿಗೆ ದಫ್ತರದಲ್ಲಿ ಬರೆಯುತ್ತಿದ್ದ ಪದ ಬೀದಿಗೆ ಬಂದು ಮನುಷ್ಯರಿಗೆ ಅಂಟಿಕೊಂಡಿತು.

ನಮ್ಮ ಜಿಲ್ಲೆಯಲ್ಲಿ ಈ ಎಲ್ಲ ತಿರುಗಾಟಗಳಿಗೂ ಬೇಲಿ ಹಾಕುವುದು ಮಳೆ. ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಯತಿಗಳು ಚಾತುರ್ಮಾಸ್ಯ ಎಂದು ಒಂದೇ ಕಡೆ ಕೂರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ತಿರುಗುವುದು ಬಿಡದವು ದನಗಳು ಮಾತ್ರ. ಗದ್ದೆ, ಬೇಣ, ಅಂಗಳ ಎಲ್ಲ ಒದ್ದೆ. ಮಳೆ ಸ್ವಲ್ಪ ಹೊಳವಾದರೆ ಬೇಗ ಒಣಗುವುದು ಡಾಂಬರು ರಸ್ತೆ ಒಂದೇ. ಅದಕ್ಕೇ ಮಳೆಗಾಲದ ರಾತ್ರಿಗಳಲ್ಲಿ ಹೆದ್ದಾರಿಯ ನಡುವೆ ಜಾಸ್ತಿ ದನ ಕೂತಿರುತ್ತವೆ.

ಹೋದ ಜುಲೈಯಲ್ಲಿ ನಮ್ಮೂರಿನ ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಒಂದು ಫೋಟೋ ಹಾಕಿದರು. ಪೇಟೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಐದು ದನ ಮಲಗಿವೆ. ಕೆಳಗೆ, "ಬಿಡಾಡಿ ದನಗಳ ಕಾಟಕ್ಕೆ ಕೊನೆ ಯಾವಾಗ?" ಎಂದು ಬರೆದಿತ್ತು, ಕೆಂಪು ಮುಖದ ಮೂರು ಎಮೋಜಿ ಸಮೇತ. ನಾನು ಕಾರವಾರದಲ್ಲಿ ಚಹಾ ಕುಡಿಯುತ್ತಾ ನೋಡುತ್ತಿದ್ದೆ. ಎಡಗಡೆಯಿಂದ ಎರಡನೆಯದರ ಕೊರಳಲ್ಲಿ ಹಳೇ ಹಸಿರು ಸೀರೆಯ ಅಂಚನ್ನು ಹೊಸೆದು ಮಾಡಿದ ಕಣ್ಣಿ. ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಸೀರೆ ನನಗೆ ಗೊತ್ತು. ನಮ್ಮ ಗೌರಿ ಅದು.

'ನಾನು' ಅನ್ನುವುದಕ್ಕೆ ಇವತ್ತಿಗೂ 'ಆನು' ಅನ್ನುವ ಆಯಿಗೆ ಫೋನ್ ಮಾಡಿ, ಗೌರಿ ಬಿಡಾಡಿ ಆಗಿದೆ, ಇಡೀ ಊರು ನೋಡ್ತಾ ಇದೆ ಎಂದೆ. ಆಚೆ ಕಡೆ ಒಂದು ಕ್ಷಣ ಮಳೆಯ ಸದ್ದು ಮಾತ್ರ ಕೇಳಿಸಿತು.

"ಬಿಡಾಡಿ ಅಲ್ದ ಮಾರಾಯ ಅದು. ಆನೇ ಬಿಟ್ಟಿದ್ದು."